ಅತ್ತೆಯವರ ಲೂಡೋ ಖಾತೆ ಕಳುವಾದದ್ದು

ನಮ್ಮ ಅತ್ತೆಯವರು ಸುಲಭಕ್ಕೆ ಯಾರನ್ನೂ ನಂಬುವವರಲ್ಲ. ನಾವಿರುವ ಚಿಂಚವಾಡದ ಸಂತೆಯಲ್ಲಿ ಮೆಂತ್ಯದ ಕಟ್ಟನ್ನು ಬಿಚ್ಚಿ ನೋಡದೆ ಕೊಂಡದ್ದಿಲ್ಲ. ಅಂಥವರು ಒಂದು ಶನಿವಾರ ಬೆಳಿಗ್ಗೆ, ಮೊಬೈಲಿನ ಲೂಡೋ ಆಟಕ್ಕೆ ಬಂದ ಓಟಿಪಿಯನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳಿದರು. ಯಾಕೆ ಎಂದರೆ, ಆತ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ‘ಮಾವಶಿ’, ಅಂದರೆ ಚಿಕ್ಕಮ್ಮ, ಎಂದು ಕರೆದನಂತೆ, ತಿಂಡಿ ಆಯಿತೇ ಎಂದು ವಿಚಾರಿಸಿದನಂತೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಸೊಸೆಯಾದ ನಾನು ಹಾಗೆ ವಿಚಾರಿಸಿಲ್ಲ ಎಂಬ ದೂರೂ ಆ ಉತ್ತರದಲ್ಲೇ ಸೇರಿತ್ತು.

ಹತ್ತು ನಿಮಿಷದಲ್ಲಿ ಪಾಸ್‌ವರ್ಡ್ ಬದಲಾಗಿ ಖಾತೆ ಕೈತಪ್ಪಿತು. ನಾನು ಒಳಗೊಳಗೇ ನಕ್ಕೆ. ಹೋದದ್ದು ಆಟದ ಬಿಟ್ಟಿ ನಾಣ್ಯ ತಾನೆ, ಹೊಸ ಖಾತೆ ತೆಗೆದುಕೊಡುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಅದೇ ಖಾತೆ ಬೇಕು, ಅದೂ ಇವತ್ತು ಮೂರು ಹೊಡೆಯುವುದರೊಳಗೆ. ದಿನಾ ಮಧ್ಯಾಹ್ನ ಮೂರಕ್ಕೆ ಅವರು, ಮೈನಾ ಹಕ್ಕಿಯ ಚಿತ್ರ ಹಾಕಿಕೊಂಡ ಒಬ್ಬರ ಜೊತೆ ಆಡುತ್ತಿದ್ದರು. ಯಾರದು ಎಂದರೆ, ಯಾರೋ ಹುಬ್ಬಳ್ಳಿಯವರು ಎಂದು ಮುಗಿಸಿಬಿಡುತ್ತಿದ್ದರು.

ಆಟದ ಕಂಪನಿಯ ಸಹಾಯದ ಪುಟ ತೆರೆದೆ. ಖಾತೆ ನಿಮ್ಮದೇ ಎಂದು ತೋರಿಸಿ ಎನ್ನುತ್ತ ಅದು ಒಂದೊಂದೇ ಕೇಳತೊಡಗಿತು. ಯಾವ ಫೋನಿನಲ್ಲಿ ಶುರು ಮಾಡಿದಿರಿ, ಯಾವ ವರ್ಷ, ಇದೆಲ್ಲ ಸಲೀಸಾಗಿ ಮುಗಿಯಿತು. ಕೊನೆಗೆ, ನೀವು ಅತಿ ಹೆಚ್ಚು ಸಲ ಯಾರ ಜೊತೆ ಆಡಿದ್ದೀರೋ ಅವರ ಹೆಸರು ಮತ್ತು ಆಟದ ನಂಬರು ಬರೆಯಿರಿ ಎಂದಿತು. ಅತ್ತೆಯವರು ಎದ್ದು ಅಡಿಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯಲು ನಿಂತರು. ನಾನೂ ಬೆನ್ನು ಬಿಡಲಿಲ್ಲ.

“ಆಕಿ ಹೆಸರ ನಾ ತಗೋಳಾಂಗಿಲ್ಲ,” ಎಂದರು. “ದೇವರ ಮುಂದ ಆಣೆ ಮಾಡೀನಿ.”

ಆಗ ನನಗೆ ಹೊಳೆಯಿತು. ಮೈನಾ ಹಕ್ಕಿ ಅವರ ಒಡಹುಟ್ಟಿದ ತಂಗಿ, ನಮ್ಮ ಚಿಕ್ಕತ್ತೆ. ಏಳು ವರ್ಷದ ಹಿಂದೆ ತಮ್ಮ ಮಗಳ ಮದುವೆಯಲ್ಲಿ ಚಿಕ್ಕತ್ತೆ ಅಕ್ಕನಿಗೆ ಉಡುಗೊರೆಯಾಗಿ ಆಯೇರಿ ಮಾಡಿದ ಸೀರೆ, ಹಿಂದೆಂದೋ ಅಕ್ಕನೇ ಅವರಿಗೆ ಕೊಟ್ಟ ಸೀರೆಯಾಗಿತ್ತು. ಸೆರಗಿಗೆ ಅತ್ತೆಯವರೇ ಹಾಕಿದ ಹೊಲಿಗೆ ಹಾಗೇ ಇತ್ತು. ಅಂದಿನಿಂದ ಮಾತು ಬಂದ್. ಆದರೆ ಆಣೆ ಮಾತಿಗಷ್ಟೇ, ಲೂಡೋಗೆ ಅಲ್ಲ ಎಂದು ಅವರು ತಮಗೆ ತಾವೇ ತೀರ್ಪು ಕೊಟ್ಟುಕೊಂಡಿದ್ದರು. ಫೋನಿನಲ್ಲಿದ್ದ ನಂಬರು ಹಿಡಿದು ಆಟವೇ ತಂಗಿಯನ್ನು ಇವರಿಗೆ ತೋರಿಸಿತ್ತು. ಅಲ್ಲಿ ತಂಗಿಗೂ ಇವರನ್ನು ತೋರಿಸಿರಬಹುದು ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ. ತಾವು ದಾಸವಾಳದ ಚಿತ್ರ ಇಟ್ಟುಕೊಂಡಿರುವುದರಿಂದ ಗುರುತು ಸಿಗುವ ಮಾತೇ ಇಲ್ಲವಂತೆ.

ಆಟದ ನಂಬರು ಬೇಕಾದರೆ ತಂಗಿಯನ್ನೇ ಕೇಳಬೇಕು. ನಾನು ಕೇಳುತ್ತೇನೆಂದರೂ ಬಿಡಲಿಲ್ಲ. ಮೂರು ಹೊಡೆಯಿತು. ಅತ್ತೆಯವರು ಗಡಿಯಾರ ನೋಡುತ್ತ ಕೂತರು. ಅಷ್ಟು ಹೊತ್ತು ಚೇಷ್ಟೆ ಮಾಡುತ್ತಿದ್ದ ನಾನು ಚಹಾ ಮಾಡಿ ತಂದು ಅವರ ಪಕ್ಕ ಕೂತೆ.

ಮೂರೂವರೆಗೆ ನನ್ನ ಫೋನ್ ಹೊಡೆದುಕೊಂಡಿತು. ಹುಬ್ಬಳ್ಳಿಯಿಂದ ಚಿಕ್ಕತ್ತೆ.

“ಅಕ್ಕಗ ಆರಾಮ ಅದ ಏನ?” ಎಂದರು, ಪೀಠಿಕೆಯಿಲ್ಲದೆ. “ಇವತ್ತ ಆಟದಾಗ ನನ್ನ ಕಾಯಿ ಮುಂದ ಬಂದು ನಿಂತ್ರೂ ಹೊಡೀಲಿಲ್ಲ. ಅಕ್ಕ ಹಂಗ ಬಿಡಾಕಿ ಅಲ್ಲ.”

ನಾನು ಸ್ಪೀಕರ್ ಹಾಕಿ, ಆಡುತ್ತಿರುವವನು ಕಳ್ಳ ಎಂದು ವಿವರಿಸಿದೆ. ಅತ್ತೆಯವರ ಕಣ್ಣು ತುಂಬಿತ್ತು, ನನ್ನದೂ. ಆದರೂ ಆಣೆ ಆಣೆಯೇ. ಆಟದ ನಂಬರು ಕೊಡಲು ಆಕೆಗೆ ಹೇಳು ಎಂದು ಅವರು ನನಗೆ ಹೇಳಿದರು. ಸರಿಯಾಗಿ ಬರೆದುಕೊಳ್ಳಲು ಅಕ್ಕನಿಗೆ ಹೇಳು ಎಂದು ಚಿಕ್ಕತ್ತೆಯೂ ನನಗೇ ಹೇಳಿದರು. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು. ನನ್ನ ಕೆಲಸ ಫೋನ್ ಹಿಡಿದು ನಿಲ್ಲುವುದಷ್ಟೇ.

ಸೋಮವಾರ ಖಾತೆ ಮರಳಿತು. ಬೇರೆ ಎಲ್ಲ ಫೋನುಗಳಿಂದ ಲಾಗೌಟ್ ಮಾಡಿಸಿ, ಇನ್ನು ಮೇಲೆ ಓಟಿಪಿ ನನ್ನ ಫೋನಿಗೇ ಬರುವಂತೆ ಮಾಡಿದೆ. ಹೊಸ ಪಾಸ್‌ವರ್ಡ್ ಯಾರೂ ಊಹಿಸಲಾಗದಂಥದು ಇರಲಿ ಎಂದೆ. ಅವರು ಫೋನ್ ಕಸಿದುಕೊಂಡು ಒಂದೇ ಬೆರಳಿನಲ್ಲಿ ಒತ್ತತೊಡಗಿದರು. ಹೆಗಲ ಹಿಂದಿನಿಂದ ಇಣುಕಿದೆ. ಚಿಕ್ಕತ್ತೆಯ ಹೆಸರು, ಕೊನೆಗೆ ಹುಟ್ಟಿದ ವರ್ಷ. ಮನೆಯವರ ಹೆಸರು ಇಡಬಾರದು, ಕಳ್ಳರು ಮೊದಲು ಅದನ್ನೇ ಹಾಕಿ ನೋಡುತ್ತಾರೆ ಎಂದು ಗದರಿದೆ.

“ಯಾರಿಗೆ ಹೊಳೀತದ?” ಎಂದರು ಅತ್ತೆಯವರು, ತಲೆ ಎತ್ತದೆ. “ನಾ ಆಕಿ ಹೆಸರ ತಗೋಳೂದಿಲ್ಲಂತ ಎಲ್ಲಾರಿಗೂ ಗೊತ್ತದ.”