ಸುಮ್ನೆ ಕುಂತು ಏನು ನೋಡ್ತಾನೆ?

1982ರಲ್ಲಿ ನಾನು ಚನ್ನಗಿರಿಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಸಾವಿನ ಅಂಚಿನಲ್ಲಿರುವವರಿಗೆಂದೇ ಬೇರೆ ವಾರ್ಡ್ ಆಗ ನಮ್ಮ ಕಡೆ ಇರಲಿಲ್ಲ. ದೊಡ್ಡ ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದು ಕಳಿಸಿದವರನ್ನು ಸೇರಿಸಿಕೊಂಡು ನೋವು ತಗ್ಗಿಸುತ್ತಿದ್ದೆವು.

ಕೆರೆಬಿಳಚಿಯ ಮಹಾರುದ್ರಪ್ಪನವರು ಹಾಗೆ ಬಂದವರು. ಶ್ವಾಸಕೋಶದ ಕ್ಯಾನ್ಸರ್ ನರಕ್ಕೆ ಹಬ್ಬಿ ಎಡಗೈ ಸೋತಿತ್ತು. ನೋವಿಗೆ ಪೆಥಿಡಿನ್ ಇಂಜೆಕ್ಷನ್ ಬರೆದಿದ್ದರೂ ಬೆಳಿಗ್ಗೆ ಬೇಡವೆನ್ನುತ್ತಿದ್ದರು. ಚುಚ್ಚಿದರೆ ಮಂಪರು, ಮಂಪರಿನಲ್ಲಿ ಲಿಂಗಪೂಜೆ ಆಗದು. ಪೂಜೆಗೆ ಎಡ ಅಂಗೈ ಎತ್ತಲೂ ಆಗದು. ಪೂಜೆಯಿಲ್ಲದೆ ಗಂಜಿಯನ್ನೂ ಮುಟ್ಟರು. ಹೆಂಡತಿ ಗಂಗಮ್ಮ ಕೈ ಎತ್ತಲು ಹೋಗಿ, ಅವರ ನರಳಾಟಕ್ಕೆ ಹೆದರಿ ಬಿಟ್ಟುಬಿಡುತ್ತಿದ್ದರು.

“ನಾನು ಹಿಡೀಲೇನ್ರಿ?” ಎಂದೆ.

“ನೀವು ಯಾವ ಪೈಕಿ ಸಿಸ್ಟರ್?” ಎಂದರು ಗಂಗಮ್ಮ.

ಹೇಳಿದೆ. ನಾವು ಕತ್ತಲಗೆರೆಯ ದಲಿತರು, ಕೂಲಿ ಮಾಡುವ ಅಪ್ಪ ಬುದ್ಧನ ದಾರಿ ಹಿಡಿದಿದ್ದ. ಗಂಗಮ್ಮ ಗಂಡನ ಮುಖ ನೋಡಿದರು.

“ಹಿಡೀಲಿ ಬಿಡೇ, ನೋವು ನಂದೈತೆ,” ಎಂದರು ಮಹಾರುದ್ರಪ್ಪ.

ಮೊಣಕೈಗೆ ದಿಂಬು ಕೊಟ್ಟು, ಅವರ ಅಂಗೈ ಕೆಳಗೆ ನನ್ನ ಅಂಗೈ ಇಟ್ಟೆ. ಬಲಗೈಯಿಂದ ತಾವೇ ಲಿಂಗವನ್ನಿಟ್ಟುಕೊಂಡು ದಿಟ್ಟಿಸತೊಡಗಿದರು. ನಿಧಾನವಾಗಿ ಮುಖದ ಬಿಗಿ ಸಡಿಲಿತು. ಆಮೇಲೆ ಗಂಜಿ ಕುಡಿದು ಇಂಜೆಕ್ಷನ್‌ಗೆ ತೋಳು ಕೊಟ್ಟರು.

ರೋಗಿಗಳ ಜೊತೆ ಧರ್ಮದ ಮಾತು ಬೇಡವೆಂದು ತರಬೇತಿಯಲ್ಲಿ ಕಲಿಸಿದ್ದರು. ಆದರೂ ಕುತೂಹಲ ತಡೆಯಲಾಗಲಿಲ್ಲ.

“ಅಷ್ಟೊತ್ತು ಏನು ಕಾಣ್ತೈತ್ರೀ ಯಜಮಾನ್ರೇ?”

“ಮೊದ್ಲು ನನ್ನ ಸಂಕಟನೇ ಕಾಣ್ತೈತೆ. ಆಮೇಲೆ ಅದು ಅತ್ಲಾಗೆ ಸರಿದು ಕುಂತಂಗಾಗ್ತೈತೆ. ನಿಮ್ಮಪ್ಪ ಏನು ಮಾಡ್ತಾನವ್ವ?”

“ಕಣ್ಣು ಮುಚ್ಚಿ ಸುಮ್ನೆ ಕುಂತಿರ್ತಾನೆ.”

“ಸುಮ್ನೆ ಕುಂತು ಏನು ನೋಡ್ತಾನೆ?”

ಅಪ್ಪನನ್ನು ನಾನೂ ಎಂದೂ ಕೇಳಿರಲಿಲ್ಲ. ಕೇಳಿಕೊಂಡು ಬರಲು ಹೇಳಿದರು.

ಭಾನುವಾರ ಊರಿಗೆ ಹೋಗಿ ಕೇಳಿದಾಗ ಅಪ್ಪ ನಕ್ಕ. ಯಾರೂ ಅದನ್ನು ಕೇಳಿರಲಿಲ್ಲ. “ಉಸಿರು ಬರಾದು ಹೋಗಾದು ನೋಡ್ತೀನಿ. ಹಿಡಿಯಾಕೆ ಹೋಗಲ್ಲ,” ಎಂದ.

ವಾಪಸು ಬರುವಷ್ಟರಲ್ಲಿ ಮಹಾರುದ್ರಪ್ಪನವರಿಗೆ ಕಣ್ಣು ತೆರೆಯುವುದೇ ಕಷ್ಟವಾಗಿತ್ತು. ಲಿಂಗ ನೋಡಲಾಗುತ್ತಿಲ್ಲವೆಂದು ಅಳುತ್ತಿದ್ದರು. ಗಂಗಮ್ಮ ಲಿಂಗವನ್ನು ಅವರ ಅಂಗೈಗಿಟ್ಟು, ಕೆಳಗೆ ಹಿಡಿಯಲು ತಾವೇ ನನ್ನನ್ನು ಕರೆದರು. ಹಿಡಿದುಕೊಂಡು ಅಪ್ಪನ ಮಾತು ಹೇಳಿದೆ. ಅವರು ನಿಧಾನವಾಗಿ ಉಸಿರೆಳೆದು ಬಿಟ್ಟರು, ಮತ್ತೆ ಎಳೆದರು. ಅಳು ನಿಂತಿತ್ತು.

“ಇದಕ್ಕೆ ಕಣ್ಣು ಬೇಕಾಗಿಲ್ಲ ಬಿಡವ್ವ,” ಎಂದರು.

ಮರುದಿನ ತೀರಿಕೊಂಡರು. ಕೊನೆಗೆ ಏನು ಕಂಡರೋ ತಿಳಿಯದು. ಹೊಸದಾಗಿ ಬಂದ ರೋಗಿಗಳನ್ನು ನೋವು ಎಲ್ಲಿದೆ ಎಂದು ಕೇಳಿದ ಮೇಲೆ, ಮನೆಯಲ್ಲಿದ್ದಾಗ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ ಎಂದು ಕೇಳುವುದನ್ನು ಅಲ್ಲಿಂದ ನಿವೃತ್ತಿಯವರೆಗೂ ರೂಢಿಸಿಕೊಂಡೆ. ಹಲವರು ದೇವರ ಹೆಸರು ಹೇಳಿದರು. ಜಗಳೂರಿನ ಒಬ್ಬ ಅಜ್ಜಿ, ಎಮ್ಮೆ ಮೈ ತಿಕ್ಕುತ್ತಿದ್ದೆ ಎಂದಳು. ಎಲ್ಲರಿಗೂ ಔಷಧಿ ಒಂದೇ ಇತ್ತು. ಧೈರ್ಯ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕಡೆಯಿಂದ ಬರುತ್ತಿತ್ತು, ಅದನ್ನು ಅವರನ್ನೇ ಕೇಳಿ ತಿಳಿಯಬೇಕಿತ್ತು.