ಪೋಸ್ಟರಿನಿಂದ ತೆಗೆದ ಅಡಿಕೆ

ಆಗ ನಾನು ಹೊಳಲ್ಕೆರೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಜಗತ್ತಿಗೆಲ್ಲ ಆರೋಗ್ಯದ ಬುದ್ಧಿ ಹೇಳುವ ದೊಡ್ಡ ಸಂಸ್ಥೆಯೊಂದರಿಂದ ನಮಗೊಂದು ಕೈಪಿಡಿ ಬಂತು. ಕಂಪನಿಗಳು, ವ್ಯಾಪಾರಸ್ಥರ ಜೊತೆ ಸೇರಿ ಕೆಲಸ ಮಾಡುವಾಗ ನಮ್ಮಂಥವರು ಹೇಗಿರಬೇಕು ಎಂಬುದು ಅದರ ವಿಷಯ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿತ್ತು. ‘ನೆರವು ಪಡೆಯಬಹುದು. ಆದರೆ ಜನರಿಗೆ ಏನು ಹೇಳಬೇಕೆಂಬುದನ್ನು ನೆರವು ಕೊಟ್ಟವರು ತೀರ್ಮಾನಿಸಬಾರದು’ ಎಂಬ ಮಾತಿಗೆ ಇಡೀ ಮಧ್ಯಾಹ್ನ ತಿಣುಕಿದೆ. ಕೊನೆಗೆ ಚೆನ್ನಾಗಿ ಬಂದಿದೆ ಅನ್ನಿಸಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಅದೇ ವಾರ ರಾಮಗಿರಿಯಲ್ಲಿ ಬಾಯಿ ಕ್ಯಾನ್ಸರ್ ತಪಾಸಣಾ ಶಿಬಿರವಿತ್ತು. ಶಾಮಿಯಾನ, ಉಪ್ಪಿಟ್ಟು, ಪೋಸ್ಟರು ಎಲ್ಲ ಅಡಿಕೆ ಮಂಡಿಯ ಯಜಮಾನರೊಬ್ಬರದು. ಕೇಳುವ ಮೊದಲೇ ಕೊಡುವ ಮನುಷ್ಯ. ಪೋಸ್ಟರಿನ ಕರಡಿನಲ್ಲಿ ‘ತಂಬಾಕು ಅಥವಾ ಅಡಿಕೆ ಜಗಿಯುವವರು ತಪ್ಪದೆ ಬನ್ನಿ’ ಎಂದಿತ್ತು. ಅವರು ಕನ್ನಡಕ ಒರೆಸಿಕೊಂಡು ಓದಿದರು.

“ಅಡಿಕೆ ಯಾಕ್ರಿ ಸಾರ್? ತಂಬಾಕು ಅಂತ ಐತಲ್ಲ, ಸಾಕು ಬಿಡ್ರಿ.”

ಬಿಟ್ಟೆ. ನನ್ನ ಅನುವಾದ ಹೆಗಲ ಚೀಲದಲ್ಲೇ ಇತ್ತು, ಅದೇನೂ ಹೇಳಲಿಲ್ಲ.

ರಾಮಗಿರಿಯಲ್ಲೇ ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲಿ ಅಡಿಕೆ ಸುಲಿಯಲು ಹೋಗುವ ಅಕ್ಕ ಒಬ್ಬರಿದ್ದರು. ನಾನು ಅಡುಗೆ ಮಾಡದ ದಿನ ಕರೆದು ರೊಟ್ಟಿ ಹಾಕುತ್ತಿದ್ದರು. ಅಂಥ ದಿನಗಳೇ ಹೆಚ್ಚು. ಕೆಲಸದುದ್ದಕ್ಕೂ ಅವರ ದವಡೆಯಲ್ಲಿ ಒಂದು ಹೋಳು ಅಡಿಕೆ ಇರುತ್ತಿತ್ತು. ರೊಟ್ಟಿಯನ್ನು ಉಗುರಿನಷ್ಟು ಹರಿದು ತಿನ್ನುತ್ತಿದ್ದರು. ನಾನದನ್ನು ನಯನಾಜೂಕು ಎಂದುಕೊಂಡಿದ್ದೆ.

ಶಿಬಿರಕ್ಕೆ ಅವರೂ ಬಂದರು. ಪೋಸ್ಟರನ್ನು ಪೂರ್ತಿ ಓದಿದರು.

“ನಾನು ತಂಬಾಕು ಮುಟ್ಟಾಕಿಲ್ಲ ಕಣಪ್ಪ. ನಂದು ಬರೀ ಅಡಿಕೆ. ನಂಗ್ಯಾಕೆ ಇದು?”

ಯಜಮಾನರು ನನ್ನ ಪಕ್ಕದಲ್ಲೇ ನಿಂತಿದ್ದರು. “ಉಪ್ಪಿಟ್ಟು ತಿಂದು ಹೋಗಿ ಅಕ್ಕ,” ಎಂದೆ. ಅಕ್ಕ ಖಾರ ತಡೆಯಲ್ಲ ಅಂತ ತಿನ್ನದೆ ಹೊರಟುಹೋದರು.

ಕೆಲವು ತಿಂಗಳ ಮೇಲೆ ಅವರಿಗೆ ನೀರು ಕುಡಿದರೂ ಬಾಯಿ ಉರಿಯತೊಡಗಿತು. ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬಾಯಿ ಎಷ್ಟು ತೆರೆಯುತ್ತದೆ ನೋಡೋಣ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಿ ಎಂದರು ಡಾಕ್ಟರು. ಒಂದು ಹೋಯಿತು, ಎರಡನೆಯದು ಹಲ್ಲಿಗೆ ತಾಗಿ ನಿಂತಿತು. ಅಡಿಕೆ ಜಗಿದು ಕೆನ್ನೆಯ ಒಳಗೆಲ್ಲ ಗಟ್ಟಿಯಾಗಿದೆ, ಇನ್ನು ಮೊದಲಿನಂತೆ ಆಗುವುದಿಲ್ಲ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ನಿಮ್ಮೂರಲ್ಲೇ ಶಿಬಿರ ಆಗಿತ್ತಲ್ಲ, ಆಗಲೇ ಯಾಕೆ ತೋರಿಸಲಿಲ್ಲ ಎಂದೂ ಕೇಳಿದರು.

“ಅದು ತಂಬಾಕಿನವರಿಗೆ ಮಾಡಿದ್ದು ಡಾಕ್ಟ್ರೇ,” ಎಂದರು ಅಕ್ಕ.

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲ ಹೇಳಿದೆ. ಪೋಸ್ಟರಿನಲ್ಲಿ ಮೊದಲು ಅಡಿಕೆಯೂ ಇತ್ತು, ಯಜಮಾನರು ಬೇಡ ಎಂದರು, ತೆಗೆದವನು ನಾನು. ಹಾಗೆ ಮಾಡಬಾರದು ಅಂತ ಪುಸ್ತಕದಲ್ಲಿ ಬರೆದವನೂ ನಾನೇ.

“ಎಲ್ಲಿ, ಓದು,” ಎಂದರು.

ಚೀಲದಿಂದ ಹಾಳೆ ತೆಗೆದು ಆ ಮಾತು ಓದಿದೆ. ಅಕ್ಕ ಕೆನ್ನೆಯ ಮೇಲೆ ಸೆರಗು ಒತ್ತಿಕೊಂಡು ಕೊನೆಯತನಕ ಕೇಳಿದರು.

“ಚೆನ್ನಾಗಿ ಬರ್ದಿದೀಯಪ್ಪ,” ಎಂದು ಕಿಟಕಿಯ ಕಡೆ ತಿರುಗಿದರು.