ನೀರು ಆರುವ ತನಕ ಬೆರಳು ಎತ್ತಬಾರದು

ನನ್ನ ಮೊಮ್ಮಗಳು ಪಾಸಾದಳು! ಭಾರತದ ಪರವಾಗಿ ಕ್ರಿಕೆಟ್ ಆಡಿ ಬಿಟ್ಟವಳು, ಇನ್ನು ಮೇಲೆ ಅಂಪೈರ್ ಆಗಿ ಮೈದಾನದಲ್ಲಿ ನಿಲ್ಲುತ್ತಾಳೆ. ಇವತ್ತು ಮುಂಜಾನೆ ಫೋನು ಬಂದದ್ದೇ ತಡ, ವಾಡಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಓಣಿಯಲ್ಲಿ ಮನೆಮನೆಗೆ ಸಕ್ಕರೆ ಹಂಚಿ ಬಂದೆ. ಡಬ್ಬಿ ಖಾಲಿ. ಚಹಾಕ್ಕೆ ಬೆಲ್ಲ ಹಾಕಿದರಾಯಿತು, ಯಾರು ಕೇಳುತ್ತಾರೆ!

ಎದುರುಮನೆಯಾಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ಈ ವಯಸ್ಸಿನ್ಯಾಗ ಯಾವ ಪರೀಕ್ಷಾ ಪಾಸಾದ್ಳು, ಆಯಿ?" ಎಂದಳು.

"ಮೈದಾನದಾಗ ನಿಂದರೋ ಪರೀಕ್ಷಾ."

"ನಿಂದ್ರಾಕೂ ಪರೀಕ್ಷಾ ಬೇಕೇನು? ನಮ್ಮ ಮನ್ಯಾಂವ ದಿನಾ ಚಹಾದಂಗಡಿ ಮುಂದ ನಿಂದರತಾನ. ಅವಂಗೂ ಒಂದು ಸರ್ಟಿಫಿಕೇಟ್ ಕೊಡಸ್ರಿ."

ಬೇರೆ ದಿನವಾಗಿದ್ದರೆ ನಾನೂ ಒಂದು ತಿರುಗಿಸಿ ಕೊಡುತ್ತಿದ್ದೆ. ಇವತ್ತು ಅವಳ ಅಂಗೈಗೆ ಇನ್ನೊಂದು ಚಿಟಿಕೆ ಸಕ್ಕರೆ ಹಾಕಿ ಬಂದೆ. ನಾನು ಸಾಲಿ ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು. ಆದರೂ ಇದನ್ನು ಬರೆಯದಿದ್ದರೆ ಹೊಟ್ಟೆ ಒಡೆದೀತು.

ಮೊದಲು ನಾವು ಶಹಾಬಾದಿನಲ್ಲಿದ್ದೆವು. ನನ್ನ ಯಜಮಾನರು, ಮೊಮ್ಮಕ್ಕಳ ಬಾಯಲ್ಲಿ ಮುತ್ಯಾ, ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದರು. ಮನೆಯ ಅಂಗಳಕ್ಕೆಲ್ಲ ನುಣುಪಾದ ಪರಸಿ ಕಲ್ಲು ಹಾಸಿದ್ದರು. ಮೊಮ್ಮಗಳು ಬ್ಯಾಟು ಹಿಡಿದದ್ದು ಆ ಕಲ್ಲಿನ ಮೇಲೆ. ಕಲ್ಲಿಗೆ ಸ್ಟಂಪು ನೆಡುವುದು ಹೇಗೆ? ಒಂದು ಒಡಕು ಪರಸಿಯನ್ನು ಗೋಡೆಗೆ ಆನಿಸಿದರೆ ಅದೇ ಸ್ಟಂಪು. ಚೆಂಡು ಹಳೆ ಅರಿವೆ ಸುತ್ತಿ ಮಾಡಿದ್ದು. ಕಲ್ಲಿನ ಮೇಲೆ ಬಿದ್ದರೆ ಅದು ಪುಟಿಯುವುದಿಲ್ಲ, ನೆಲ ಹಿಡಿದು ಸರ್ರನೆ ಹಾವಿನ ಹಾಗೆ ಬರುತ್ತದೆ.

ಸ್ಟಂಪಿಗೆ ಬಡಿಯಬೇಕಾದ ಚೆಂಡು ನಡುವೆ ಕಾಲಿಗೆ ತಾಗಿದರೆ ಔಟ್, ಇದು ಕ್ರಿಕೆಟ್ಟಿನ ಕಾಯಿದೆ. ಎಲ್ಲ ಕಡೆ ಇದಕ್ಕೆ ದೊಡ್ಡ ವಿಚಾರಣೆ. ಚೆಂಡು ಸ್ಟಂಪಿನ ಮೇಲೆ ಹಾರಿ ಹೋಗುತ್ತಿತ್ತೇ, ಬದಿಗೆ ಹೋಗುತ್ತಿತ್ತೇ ಎಂದು. ನಮ್ಮ ಅಂಗಳದಲ್ಲಿ ಅದೆಲ್ಲ ಇರಲಿಲ್ಲ. ಏಳದ ಚೆಂಡು ಹಾರುವುದೆಲ್ಲಿಂದ ಬಂತು? ಕಾಲಿಗೆ ಬಡಿಯಿತೆಂದರೆ ಮುಗಿಯಿತು. ಬಾಗಿಲ ಬಳಿ ಒಲೆಯ ಮುಂದೆ ಕುಳಿತ ನಾನೇ ಅಂಪೈರ್. ತಿರುಗಿ ನೋಡುವ ಕೆಲಸವೂ ಇರಲಿಲ್ಲ, 'ಧಪ್' ಅಂದರೆ ಸಾಕು, "ಔಟ್!" ಎಂದು ಕೂಗುತ್ತಿದ್ದೆ.

ಆ ಕಲ್ಲಿನ ಮೇಲೆ ಮಂಡಿ ಬಗ್ಗಿಸಿ ಆಡಿ ಆಡಿಯೇ ಅವಳು ರಾಜ್ಯಕ್ಕೆ ಆಡಿದಳು, ಆಮೇಲೆ ದೇಶಕ್ಕೂ ಆಡಿದಳು. ಟಿವಿಯಲ್ಲಿ ಮೊದಲ ಸಲ ಬಂದ ದಿನ ಶಹಾಬಾದಿನ ನಮ್ಮ ಓಣಿಯಲ್ಲಿ ಕರೆಂಟು ಹೋಯಿತು. ಮನೆಮಂದಿಯೆಲ್ಲ ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ಓಡಿದೆವು. ಎಲ್ಲ ಹುಡುಗಿಯರ ತಲೆಯ ಮೇಲೂ ಹೆಲ್ಮೆಟ್ಟು, ನಮ್ಮವಳು ಯಾರೆಂದು ಗೊತ್ತಾಗಲೊಲ್ಲದು.

ಮುತ್ಯಾ ಬೆರಳು ತೋರಿಸಿದರು. "ನೆಲದಾಗ ಏನೋ ಹುಡುಕಲಾಕತ್ತಾಳ ನೋಡು, ಅಕೀನೇ ನಮ್ಮಾಕಿ!"

ಆಟದಿಂದ ರೈಲ್ವೆಯಲ್ಲಿ ಟಿಕೆಟ್ ನೋಡುವ ನೌಕರಿ ಸಿಕ್ಕಿತು. ನಾವೆಲ್ಲ ವಾಡಿಗೆ ಬಂದೆವು. ಆದರೆ ಬಗ್ಗಿಸಿ ಬಗ್ಗಿಸಿ ಆಡಿದ ಮಂಡಿಯೇ ಒಂದು ದಿನ ಕೈಕೊಟ್ಟಿತು. ಆಪರೇಷನ್ ಆದರೂ ಮೊದಲಿನಂತೆ ಓಡಲಾಗಲಿಲ್ಲ. ಆಡುವುದನ್ನು ಬಿಟ್ಟಳು. ಬ್ಯಾಟು ಮಂಚದ ಕೆಳಗೆ ಹೋಯಿತು. ಟಿವಿಯಲ್ಲಿ ಪಂದ್ಯ ಹತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದಳು.

ಹಳೆಯ ಕೋಚ್ ಒಬ್ಬರು ಅಂಪೈರ್ ಪರೀಕ್ಷೆಗೆ ಕೂಡು ಎಂದರು. ಮೊದಲ ಸಲ ಫೇಲಾದಳು. ಬರೆಯುವುದರಲ್ಲಿ ಅಲ್ಲ, ಮೈದಾನದಲ್ಲಿ. ಕಾಲಿಗೆ ಚೆಂಡು ಬಡಿದರೆ ಸಾಕು, ಔಟೆಂದು ಬೆರಳು ಮೇಲೆ!

"ಆಡೋವಾಗ ಎಲ್ಲಾ ಗೊತ್ತಾಗತಿತ್ತು ಆಯಿ," ಎಂದಳು. "ನಿಂತಾಗ ಮಾತ್ರ ಕಣ್ಣು ಶಹಾಬಾದದ ಅಂಗಳಕ್ಕ ಹೋಗಿಬಿಡ್ತದ. ಇನ್ನೊಂದು ಸಲ ನೋಡ್ತೀನಿ. ಆಗಲಿಲ್ಲಂದ್ರ ಮೈದಾನದ ಋಣ ಹರೀತು ಅಂತ ತಿಳೀತೀನಿ."

ತಪ್ಪು ಕಲ್ಲಿನದು, ನನ್ನದಲ್ಲ ಎಂದು ನಗಿಸಲು ಹೋದೆ. ನಗಲಿಲ್ಲ. ಹನ್ನೆರಡು ತಿಂಗಳೂ ಬಿಸಿಲಲ್ಲಿ ಬೆಳೆದ ಹುಡುಗಿ, ಮೈದಾನವಿಲ್ಲದೆ ಬಾಡುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

ಆ ಬೆರಳಿನ ಚಟ ಎಲ್ಲಿಗೆ ಹೋಯಿತೆಂದರೆ, ವಾಡಿ ಬಿಟ್ಟ ಗಾಡಿಯಲ್ಲಿ ಟಿಕೆಟ್ ಇಲ್ಲದವನೊಬ್ಬ ನೂರೆಂಟು ಸಬೂಬು ಹೇಳುತ್ತಿದ್ದನಂತೆ. ಇವಳು ಸುಮ್ಮನೆ ಬೆರಳು ಎತ್ತಿಬಿಟ್ಟಳು. ಅವನು ತಲೆ ತಗ್ಗಿಸಿ ದಂಡ ಕಟ್ಟಿ ಚಿತ್ತಾಪುರದಲ್ಲಿ ಇಳಿದು ಹೋದನಂತೆ.

ಒಂದು ಸಂಜೆ ಸುಮ್ಮನೆ ಕುಳಿತವಳನ್ನು ಒಲೆಯ ಮುಂದೆ ಕೂರಿಸಿದೆ. ದೇಶಕ್ಕೆ ಆಡಿದವಳಿಗೆ ಜೋಳದ ರೊಟ್ಟಿ ಬೇಯಿಸಲು ಬರುತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಹಾಕಿ, ಮೇಲೆ ನೀರು ಸವರಿದ್ದೇ ತಡ, ಹೊರಳಿಸಲು ಹೋದಳು. ರೊಟ್ಟಿ ಹರಿದು ಎರಡಾಯಿತು.

"ನೀರು ಆರಲಿ ಬೇ! ಹಸಿ ಇದ್ದಾಗ ಮುಟ್ಟಿದ್ರ ಹರೀತದ. ಭಾಳ ಹೊತ್ತು ಬಿಟ್ರ ಹೊತ್ತತದ. ನೀರು ಆರೋದು ನೋಡು, ಆಮ್ಯಾಲ ಕೈ ಹಾಕು."

ಅವಳು ಹಂಚನ್ನೇ ನೋಡುತ್ತ ಕುಳಿತಳು. ರೊಟ್ಟಿಯ ಮೇಲಿನ ನೀರು ಅಂಚಿನಿಂದ ಒಳಗೊಳಗೆ ಆರುತ್ತ ಹೋಯಿತು. "ಆಯಿ, ಚೆಂಡು ಕಾಲಿಗೆ ಬಡಿದಿದ್ದು ನೋಡಿ, ಇಷ್ಟು ಹೊತ್ತು ತಡೀಬೇಕು ನಾ," ಎಂದಳು ಮೆಲ್ಲಗೆ.

ಅಲ್ಲಿಂದ ದಿನಾ ಸಂಜೆ ರೊಟ್ಟಿ ಅವಳದೇ. ಹರಿದದ್ದು ಮುತ್ಯಾನ ತಟ್ಟೆಗೆ.

"ಇಕಿ ಅಂಪೈರ್ ಆಗೋತನಕ ನಾ ಚೂರು ತಿನ್ನಬೇಕೇನು?" ಎಂದು ಗೊಣಗುತ್ತಿದ್ದರು. ಗೊಣಗಿದರೂ ಬಿಡಲಿಲ್ಲ, ಸ್ಟಂಪಿನ ಬದಲು ಇಟ್ಟ ನೀರಿನ ಡ್ರಮ್ಮಿನ ಮುಂದೆ ಕೋಲು ಹಿಡಿದು ಅವರೇ ಬ್ಯಾಟು ಮಾಡಲು ನಿಂತರು. ನನ್ನ ಮಗ ಚೆಂಡು ಎಸೆಯುವುದು, ಅದು ಮುತ್ಯಾನ ಕಾಲಿಗೆ ಬಡಿಯುವುದು, ಇವಳು ಕಣ್ಣು ಕಿರಿದು ಮಾಡಿ ನಿಲ್ಲುವುದು. ಬೆರಳೂ ಇಲ್ಲ, ಮಾತೂ ಇಲ್ಲ.

ಮುತ್ಯಾ ಮೊಣಕಾಲು ತಿಕ್ಕುತ್ತ ಕೂಗುತ್ತಿದ್ದರು, "ಔಟ್ ಆದ್ರೂ ಅನ್ನು, ಎಣ್ಣಿ ಆದ್ರೂ ಹಚ್ಚು!"

ಎರಡನೆಯ ಸಲದ ಪರೀಕ್ಷೆಯ ಫಲವೇ ಇವತ್ತಿನ ಫೋನು. ಸೇಡಂ ಸ್ಟೇಷನ್ನಿನಲ್ಲಿ ಡ್ಯೂಟಿ ಮೇಲಿದ್ದವಳು ಅಲ್ಲಿಂದಲೇ ಮಾಡಿದ್ದಳು.

"ಪಾಸ್, ಆಯಿ. ಈ ಸಲ ಅವಸರ ಮಾಡಲಿಲ್ಲ ಅಂದ್ರು. ಯಾರ ಕಡಿ ಕಲಿತಿ ಅಂತ ಕೇಳಿದ್ರು."

"ನನ್ನ ಹೆಸರು ಹೇಳಿದಿಲ್ಲ?"

"ಇಲ್ಲ. ಹಂಚಿನ ಕಡಿ ಕಲಿತೀನಿ ಅಂದೆ."

ಸಂಜೆ ಸೊಸೆ ಹೋಳಿಗೆ ಮಾಡಿದಳು. ಚಿಂಚೋಳಿ ಕಡೆಯ ಚಂದಾಪುರದಿಂದ ನನ್ನ ಮಗಳು ತುಪ್ಪದ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದಳು. ಮೊಮ್ಮಗಳೂ ಡ್ಯೂಟಿ ಮುಗಿಸಿ ಬಂದು, ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತಿದ್ದಾಗ ಅವಳ ಫೋನು ಬಡಿದುಕೊಂಡಿತು. ಬರುವ ರವಿವಾರ ಸೇಡಂನಲ್ಲಿ ಹುಡುಗಿಯರ ಪಂದ್ಯ, ಅಂಪೈರ್ ಆಗಿ ಬರುತ್ತೀರಾ ಎಂದು ಕೇಳುತ್ತಿದ್ದರು.

ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಪಾಸಾಗುವುದು ಬೇರೆ, ಬ್ಯಾಟು ಬಿಟ್ಟ ಮೇಲೆ ಮೈದಾನದ ಗೆರೆ ದಾಟಿ ಒಳಗೆ ಕಾಲಿಡುವುದು ಬೇರೆ. ಅವಳು ಸ್ವಲ್ಪ ತಡೆದಳು.

"ಬರ್ತೀನ್ರಿ ಸರ್," ಎಂದಳು. "ಒಂದು ತಾಸು ಮೊದಲೇ ಬರ್ತೀನಿ. ಪಿಚ್ ನೋಡಬೇಕು."

ಮುತ್ಯಾ ತಟ್ಟೆಯಿಂದ ತಲೆ ಎತ್ತಿದರು. "ನಾನೂ ಬರ್ತೀನಿ. ತಪ್ಪು ಕೊಟ್ಟಿ ಅಂದ್ರ ಕೂತಲ್ಲಿಂದಾನೇ ಕೂಗ್ತೀನಿ."

"ಕೂಗು ಮುತ್ಯಾ. ಪೊಲೀಸರಿಗೆ ಹೇಳಿ ಹೊರಗ ಹಾಕಸ್ತೀನಿ."

"ನೋಡಿದ್ರೇನ್ರಿ ಇಕೀನ! ಪಾಸಾಗಿ ಇನ್ನಾ ಒಂದು ದಿನ ಆಗಿಲ್ಲ!"

ನನ್ನ ಮಗ ನಕ್ಕು ನಕ್ಕು ಕೆಮ್ಮಿದ. ಸೊಸೆ ಅವನ ಬೆನ್ನಿಗೆ ಒಂದು ಗುದ್ದಿ, ಎಲ್ಲರಿಗೂ ಬಿಸಿ ಹೋಳಿಗೆ ಹಾಕುತ್ತ ಬಂದಳು. ಮಗಳು ಹಿಂದೆಯೇ ತುಪ್ಪ ಸುರಿಯುತ್ತ ಬಂದಳು. ನನ್ನ ಮಗ್ಗುಲಲ್ಲಿ ಕುಳಿತ ಮೊಮ್ಮಗಳು ತನ್ನದು ಮುಗಿಸಿ, ನನ್ನನ್ನು ಕೇಳದೆಯೇ ನನ್ನ ತಟ್ಟೆಯ ಹೋಳಿಗೆಯ ಅರ್ಧ ಮುರಿದುಕೊಂಡಳು.